ಆಡಲು ಬಂದ ಊರಲ್ಲಿ ಕೋಚ್ ಆದ ನನ್ನ ಅನುಭವ

ಬೆಂಗಳೂರಿಗೆ ಫುಟ್‌ಬಾಲ್ ಆಡಲು ಬರುವ ಹೊರಗಿನ ಹುಡುಗರು ನನ್ನನ್ನು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಸರ್, ಆಟ ಮುಗಿದ ಮೇಲೆ ಏನು ಮಾಡೋದು?" ಆಟ ಮುಗಿಯುವ ತನಕ ಕಾಯಬೇಡ ಅಂತಲೇ ನಾನು ಹೇಳುವುದು. ಕಾಲಲ್ಲಿ ಓಟ ಇರುವಾಗಲೇ ಕೋಚಿಂಗ್ ಶುರು ಮಾಡು. ನಾನು ಹಾಗೇ ಮಾಡಿದೆ. ಇವತ್ತು ಇದೇ ಊರಲ್ಲಿ, ಇದೇ ಆಟದಿಂದ ಮನೆ ನಡೆಯುತ್ತಿದೆ.

ನಾನು ಕಾಸರಗೋಡು ಕಡೆಯವನು. ಓದಿದ್ದು ಕನ್ನಡ ಮೀಡಿಯಂ, ಆಡಿದ್ದು ಮಲಬಾರಿನ ಸೆವೆನ್ಸ್. ಕೊಯ್ಲು ಮುಗಿದ ಗದ್ದೆ, ರಾತ್ರಿ ಫ್ಲಡ್‌ಲೈಟ್, ಕಂಬ ಕಟ್ಟಿ ಎಬ್ಬಿಸಿದ ಗ್ಯಾಲರಿ, ಒಂದೊಂದು ಕಡೆ ಏಳೇ ಜನ. ಮೈದಾನ ಚಿಕ್ಕದು, ಡಿಫೆಂಡರ್ ಯಾವಾಗಲೂ ಮೈಮೇಲೇ ಇರುತ್ತಾನೆ. ಚೆಂಡು ಕಾಲಿಗೆ ತಾಗುವ ಮೊದಲೇ ಮುಂದಿನ ಪಾಸ್ ಯಾರಿಗೆ ಅಂತ ತೀರ್ಮಾನ ಆಗಿರಬೇಕು. ಬಂದ ಚೆಂಡನ್ನು ಮೊದಲ ಮುಟ್ಟಿಗೇ ಹಿಡಿತಕ್ಕೆ ತರುವ ಫಸ್ಟ್ ಟಚ್ ನನಗೆ ಬಂದದ್ದು ಅಲ್ಲಿಂದಲೇ, ಯಾವ ಅಕಾಡೆಮಿಯಿಂದಲೂ ಅಲ್ಲ.

ಸೆವೆನ್ಸ್ ತಂಡಗಳಲ್ಲಿ ಘಾನಾ, ನೈಜೀರಿಯಾ, ಲೈಬೀರಿಯಾದಿಂದ ಬಂದ ಆಟಗಾರರು ಇರುತ್ತಿದ್ದರು. ಒಂದು ಬಾಡಿಗೆ ಕೋಣೆಯಲ್ಲಿ ನಾಲ್ಕೈದು ಜನ. ಸಂಜೆ ಜೀಪು ಹತ್ತಿ ಇನ್ನೊಂದು ಊರಿಗೆ ಹೋಗಿ ಆಡುವುದು, ನಡುರಾತ್ರಿ ವಾಪಸ್ ಬರುವುದು. ಮ್ಯಾಚ್ ಆಡಿದರೆ ದುಡ್ಡು, ಮೊಣಕಾಲು ಊದಿಕೊಂಡರೆ ಅದೂ ಇಲ್ಲ. ನಾನು ತಲಪಾಡಿ ಚೆಕ್‌ಪೋಸ್ಟ್ ದಾಟಿ ಬಸ್ಸಲ್ಲಿ ಬೆಂಗಳೂರಿಗೆ ಬಂದೆ, ಅಷ್ಟೇ. ಅವರಿಗೆ ಪಾಸ್‌ಪೋರ್ಟ್, ವೀಸಾ, ಏಜೆಂಟ್ ಎಲ್ಲವನ್ನೂ ದಾಟಿ ಬರಬೇಕಿತ್ತು. ಆಟಕ್ಕಾಗಿ ಊರು ಬಿಡುವುದು ಅಂದರೆ ಏನು ಅಂತ ನಾನು ಕಲಿತದ್ದು ಅವರನ್ನು ನೋಡಿಯೇ.

ಹಾಗೆ ಬಂದು ಇಲ್ಲೇ ಉಳಿದವರ ದೊಡ್ಡ ಹೆಸರುಗಳೂ ನಮ್ಮ ದೇಶದಲ್ಲಿ ಇವೆ. ಇರಾನಿನ ಜಮ್ಶಿದ್ ನಾಸಿರಿ ಅಲೀಗಢಕ್ಕೆ ಓದಲು ಬಂದವರು. 1980ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಆಡಿ ಆ ಊರಲ್ಲೇ ನೆಲೆಸಿದರು. ಅವರ ಮಗ ಕಿಯಾನ್ 2022ರ ಜನವರಿಯಲ್ಲಿ ಕೋಲ್ಕತ್ತಾ ಡರ್ಬಿಯಲ್ಲಿ, ಅಂದರೆ ಆ ಊರಿನ ಎರಡು ಎದುರಾಳಿ ಕ್ಲಬ್‌ಗಳ ಮ್ಯಾಚ್‌ನಲ್ಲಿ, ಹ್ಯಾಟ್ರಿಕ್ ಹೊಡೆದ, ಅದೂ ಅಪ್ಪ ಆಡಿದ ಈಸ್ಟ್ ಬೆಂಗಾಲ್ ವಿರುದ್ಧವೇ! ನೈಜೀರಿಯಾದ ಚೀಮಾ ಒಕೋರಿ ಕೂಡ ಓದಲು ಬಂದವರೇ. ಕೋಲ್ಕತ್ತಾದ ಮೂರೂ ದೊಡ್ಡ ಕ್ಲಬ್‌ಗಳಿಗೆ ಆಡಿ, ಆಮೇಲೆ ಕೋಚ್ ಆದರು. ಇವರ ಬಗ್ಗೆ ನಾನು ಈಗಲೂ ನನ್ನ ಹುಡುಗರಿಗೆ ಹೇಳುತ್ತಿರುತ್ತೇನೆ.

ಬೆಂಗಳೂರಿನ ಫುಟ್‌ಬಾಲ್ ನನಗೆ ಗೊತ್ತಿದ್ದ ಬೆಂಗಳೂರಿನದಲ್ಲ. ಅದು ಹಳೇ ದಂಡು ಪ್ರದೇಶದ ಆಟ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಪಕ್ಕದ ಗೌತಮಪುರ. ಗೌತಮಪುರದಲ್ಲಿ ಪೆಲೆ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತಕ್ಕೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಇಲ್ಲಿನ ಮೈದಾನದಲ್ಲಿ ನಿಂತರೆ ಒಂದೇ ಅಟ್ಯಾಕ್‌ನಲ್ಲಿ ತಮಿಳು, ದಖನಿ, ಕನ್ನಡ, ಇಂಗ್ಲಿಷ್ ಎಲ್ಲ ಕಿವಿಗೆ ಬೀಳುತ್ತದೆ. ಮೊದಲ ಕೆಲವು ತಿಂಗಳು ನಾನು ಮಾತು ಕಡಿಮೆ ಮಾಡಿ ನೋಡುವುದನ್ನೇ ಜಾಸ್ತಿ ಮಾಡಿದೆ. ಯಾರು ಸಿಟ್ಟಾದರೆ ಓಡುವುದು ನಿಲ್ಲಿಸುತ್ತಾನೆ, ಯಾರಿಗೆ ಬೈದರೆ ಚೆನ್ನಾಗಿ ಆಡುತ್ತಾನೆ, ಯಾರನ್ನು ಸುಮ್ನೆ ಬಿಟ್ಟರೆ ಒಳ್ಳೆಯದು. ಹೊರಗಿನಿಂದ ಬಂದವನಿಗೆ ಈ ಅಭ್ಯಾಸ ತಾನಾಗಿಯೇ ಬರುತ್ತದೆ. ಕೋಚ್‌ಗೆ ಬೇಕಾದದ್ದೂ ಇದೇ, ಅಲ್ವಾ?

ಲೀಗ್‌ಗೆ ಸೇರುವುದರಲ್ಲಿ ಹೆಚ್ಚು ಕಥೆಯಿಲ್ಲ. ಬೇರೆ ರಾಜ್ಯದಲ್ಲಿ ನೋಂದಣಿ ಇದ್ದರೆ ವರ್ಗಾವಣೆ ಕಾಗದ ಮಾಡಿಸಬೇಕು. ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗ್‌ನಲ್ಲಿ ಕೆಳಗಿನ ಡಿವಿಷನ್‌ನಿಂದ ಸೂಪರ್ ಡಿವಿಷನ್ ತನಕ ಮೆಟ್ಟಿಲುಗಳಿವೆ. ನಾನು ಕೆಳಗಿಂದ ಹತ್ತಿ ಒಂದು ಸಂಸ್ಥೆಯ ತಂಡಕ್ಕೆ ಕಾಂಟ್ರಾಕ್ಟ್ ಆಟಗಾರನಾದೆ. ಹಿಂದಿನ ಕಾಲದಲ್ಲಿ ಇಂಥ ತಂಡ ಸೇರಿದರೆ ಪರ್ಮನೆಂಟ್ ಕೆಲಸ ಸಿಗುತ್ತಿತ್ತು. ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ಹಳೆಯ ಆಟಗಾರರು ಎಷ್ಟೋ ಜನ ಹಾಗೇ ಬದುಕು ಕಟ್ಟಿಕೊಂಡರು. ನಮ್ಮ ಹೊತ್ತಿಗೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ವರ್ಷಕ್ಕೊಮ್ಮೆ ಸಹಿ, ಮುಂದಿನ ವರ್ಷ ದೇವರೇ ಗತಿ.

ಹಾಗಾಗಿ ಆಡುತ್ತಿರುವಾಗಲೇ ಬೆಳಗ್ಗೆ ಹೊತ್ತು ಒಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸಲು ಹೋದೆ. ಅದೇ ಹೊತ್ತಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ ಕೋಚ್‌ಗಳಿಗೆ ಕೊಡುವ ಡಿ ಲೈಸೆನ್ಸ್‌ನ ಕೋರ್ಸ್‌ಗೆ ಅರ್ಜಿ ಹಾಕಿದೆ. ಡಿ ಆದಮೇಲೆ ಸಿ, ಬಿ, ಎ, ಎಲ್ಲಕ್ಕಿಂತ ಮೇಲೆ ಪ್ರೊ. ಒಂದು ಮುಗಿದ ಮರುದಿನವೇ ಮುಂದಿನದಕ್ಕೆ ಹೋಗಲು ಬಿಡುವುದಿಲ್ಲ. ನಡುವೆ ನಿಜವಾದ ತಂಡದ ಜೊತೆ ಕೆಲಸ ಮಾಡಿರಬೇಕು. ಇದು ಸರಿಯಾದ ನಿಯಮ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಆಡುತ್ತಲೇ ಕಲಿಸಿದರೆ ಆ ವರ್ಷಗಳು ದಂಡವಾಗುವುದಿಲ್ಲ, ಆಟ ನಿಲ್ಲಿಸಿ ಶುರು ಮಾಡಿದವನಿಗೆ ಅವೇ ವರ್ಷಗಳು ಸಂಬಳವಿಲ್ಲದ ವರ್ಷಗಳಾಗುತ್ತವೆ.

ಕೋರ್ಸ್‌ನಲ್ಲಿ ಇನ್‌ಸ್ಟ್ರಕ್ಟರ್ ನಿಮಗೊಂದು ವಿಷಯ ಕೊಡುತ್ತಾರೆ. ಜೊತೆಗಿರುವ ಕೋಚ್‌ಗಳೇ ನಿಮ್ಮ ಆಟಗಾರರು. ನಾಲ್ಕು ಜನರು ಹೊರಗೆ, ಇಬ್ಬರು ನಡುವೆ. ಹೊರಗಿನವರು ಪಾಸ್ ಮಾಡುತ್ತಾರೆ, ನಡುವಿನವರು ಚೆಂಡು ಕಸಿಯಬೇಕು. ಎಲ್ಲ ಕೋಚ್‌ಗಳೂ ಆಡಿಸುವ ರೊಂಡೊ ಇದೇ. ನನಗೆ ಸಿಕ್ಕಿದ್ದು ಪಾಸ್ ತೆಗೆದುಕೊಳ್ಳುವಾಗ ಮೈ ಹೇಗಿರಬೇಕು ಎಂಬ ವಿಷಯ. ನನ್ನ ಕಾಲಿಗೆ ಅದು ಚೆನ್ನಾಗಿ ಗೊತ್ತು. ಆದರೆ ಕಾಲಿಗೆ ಗೊತ್ತಿರುವುದನ್ನು ಇನ್ನೊಬ್ಬನ ಕಣ್ಣಿಗೆ ಕಾಣಿಸುವುದು ಬೇರೆಯೇ ಕೆಲಸ. ಆಟ ನಿಲ್ಲಿಸಬೇಕು, ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಸರಿಯಾದವನಿಗೆ ಒಂದೇ ಒಂದು ಪ್ರಶ್ನೆ ಕೇಳಬೇಕು, ತಕ್ಷಣ ಆಟ ಮುಂದುವರಿಯಬೇಕು. ಭಾಷಣ ಶುರುವಾದರೆ ಹುಡುಗರ ಮೈ ತಣ್ಣಗಾಗುತ್ತದೆ, ಗಮನವೂ ಹೋಗುತ್ತದೆ.

ಈಗ ನನ್ನ ಹನ್ನೊಂದು, ಹನ್ನೆರಡು ವರ್ಷದವರ ಸೆಷನ್ ಹೀಗಿರುತ್ತದೆ. ಅವರಿಗೆ 4ನೇ ಸೈಜಿನ ಚೆಂಡು. ಲೈನಲ್ಲಿ ನಿಂತು ಸರದಿ ಕಾಯುವುದು ಇಲ್ಲ, ಮೈದಾನ ಸುತ್ತು ಹಾಕಿಸುವುದೂ ಇಲ್ಲ. ಚಿಕ್ಕ ಅಂಗಳದಲ್ಲಿ ನಾಲ್ಕು ಜನರ ಎದುರು ನಾಲ್ಕು ಜನ. ಹಾಗೆ ಆಡಿದಾಗ ಪ್ರತಿಯೊಬ್ಬನಿಗೂ ಚೆಂಡು ಮತ್ತೆ ಮತ್ತೆ ಸಿಗುತ್ತದೆ. ಒಬ್ಬ ಹುಡುಗ ಇದ್ದಾನೆ, ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುತ್ತಾರೆ. ಮೊದಮೊದಲು ಪಾಸ್ ಬಂದಾಗ ಎರಡೂ ಕಾಲು ಜೋಡಿಸಿ, ಚೆಂಡಿಗೆ ಎದೆ ಕೊಟ್ಟು ನೇರ ನಿಲ್ಲುತ್ತಿದ್ದ. ಹಿಂದಿನಿಂದ ಯಾರು ಬರುತ್ತಿದ್ದಾರೆ ಅಂತ ಅವನಿಗೆ ಕಾಣುತ್ತಲೇ ಇರಲಿಲ್ಲ. ನಾನು ಚೆಂಡು ಇನ್ನೂ ದಾರಿಯಲ್ಲಿರುವಾಗ ಅವನ ಹಿಂದೆ ನಿಂತು ಕೈ ಎತ್ತುತ್ತಿದ್ದೆ. ಎಷ್ಟು ಬೆರಳು ಅಂತ ಹೇಳಿ ಆಮೇಲೆ ಚೆಂಡು ಮುಟ್ಟಬೇಕು. ಕೆಲವು ವಾರಗಳಲ್ಲಿ ತಾನೇ ಅರ್ಧ ತಿರುಗಿ, ಹಿಂದಿನ ಕಾಲಲ್ಲಿ ಚೆಂಡು ತೆಗೆದುಕೊಳ್ಳಲು ಶುರು ಮಾಡಿದ. ಒಂದು ಸಲ ಹಾಗೆ ತಿರುಗಿದ ವೇಗಕ್ಕೆ ಡಿಫೆಂಡರ್ ಹುಡುಗ ಖಾಲಿ ಜಾಗಕ್ಕೆ ಕಾಲು ಹಾಕಿ ಬಿದ್ದ. ಇಬ್ಬರೂ ನಕ್ಕರು. ನನಗೆ ಆ ದಿನ ಸೆವೆನ್ಸ್‌ನಲ್ಲಿ ಹೊಡೆದ ಯಾವ ಗೋಲೂ ಕೊಡದ ಖುಷಿ ಆಯಿತು.

ದುಡ್ಡಿನ ಮಾತನ್ನೂ ಹೇಳಬೇಕು. ಈ ಊರಲ್ಲಿ ಕೋಚ್‌ನ ದೊಡ್ಡ ಖರ್ಚು ಜಾಗ. ಕೃತಕ ಹುಲ್ಲಿನ ಟರ್ಫ್ ಮೈದಾನಕ್ಕೆ ಗಂಟೆ ಲೆಕ್ಕದಲ್ಲಿ ಬಾಡಿಗೆ, ಸಂಜೆಗೆ ಜಾಸ್ತಿ. ಮಕ್ಕಳ ತಿಂಗಳ ಫೀಸಿನಲ್ಲಿ ಹೆಚ್ಚಿನ ಪಾಲು ಅಲ್ಲಿಗೇ ಹೋಗುತ್ತದೆ. ಮೇ ತಿಂಗಳ ಸಂಜೆ ಮಳೆ ಹೊಡೆದರೆ ಆ ಬಾಡಿಗೆಯೂ ನೀರಲ್ಲಿ. ಅದಕ್ಕೇ ನನ್ನಂಥವರು ಬೆಳಗ್ಗೆ ಶಾಲೆ, ಸಂಜೆ ಅಕಾಡೆಮಿ, ಶನಿವಾರ ಭಾನುವಾರ ಮ್ಯಾಚ್ ಅಂತ ಮೂರೂ ಹೊತ್ತು ಓಡುತ್ತೇವೆ. ಫೀಸ್ ಕೊಡಲು ಆಗದವರಿಗೆ ಬೆಳಗ್ಗೆ ಮಣ್ಣಿನ ಮೈದಾನದಲ್ಲಿ ಬೇರೆ ಬ್ಯಾಚ್ ಇದೆ. ಯಾದಗಿರಿ ಹುಡುಗ ಅಲ್ಲಿಂದ ಬಂದವನೇ. ಟರ್ಫ್ ಬೇಕೇ ಬೇಕು ಅನ್ನುವ ಪೋಷಕರಿಗೆ ನಾನು ಹೇಳುವುದಿಷ್ಟೆ: ಮಣ್ಣಲ್ಲಿ ಚೆಂಡು ಎಲ್ಲೆಂದರಲ್ಲಿ ಪುಟಿಯುತ್ತದೆ, ಅದನ್ನು ಹಿಡಿತಕ್ಕೆ ತಂದವನಿಗೆ ಟರ್ಫ್ ಸುಲಭ.

2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ರಿಯಾದ್‌ನಲ್ಲಿ, ಮೇಘಾಲಯದ ಎದುರು 3-2. ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಾಂ, ರಾಬಿನ್ ಯಾದವ್. ಹೊರಗಿನಿಂದ ಬಂದು ಬೆಂಗಳೂರಿನ ಲೀಗ್‌ನಲ್ಲಿ ಆಡಿದ ಹುಡುಗರೂ ಆ ತಂಡದಲ್ಲಿದ್ದರು. ನಮ್ಮ ರಾಜ್ಯದ ಜರ್ಸಿ ಹಾಕಿಕೊಂಡು ಅವರು ಕಪ್ ಎತ್ತಿದಾಗ ನನಗೆ ಕಣ್ಣು ತುಂಬಿತು. ಇವರಲ್ಲಿ ಕೆಲವರಾದರೂ ನಾಳೆ ಇಲ್ಲೇ ಕೋಚ್ ಆಗಿ ಉಳಿಯಬೇಕು. ಅಷ್ಟು ಕಷ್ಟಪಟ್ಟು ಕಲಿತ ಆಟ ಊರಿಗೆ ಹೋಗುವ ಬಸ್ಸಲ್ಲಿ ಅವರ ಜೊತೆಗೇ ಹೋಗಿಬಿಡಬಾರದು.

ಹಾಗಾಗಿ ನನ್ನ ಹತ್ತಿರ ಬರುವ ಹೊರ ಊರಿನ ಆಟಗಾರರಿಗೆ ಮೊದಲ ದಿನವೇ ಒಂದು ಕೆಲಸ ಕೊಡುತ್ತೇನೆ. ವಾರಕ್ಕೆ ಎರಡು ಬೆಳಗ್ಗೆ ಮಣ್ಣಿನ ಬ್ಯಾಚ್‌ಗೆ ಬಂದು ಕೋನ್ ಇಡಬೇಕು, ಮಕ್ಕಳ ಹೆಸರು ಕಲಿಯಬೇಕು, ಹತ್ತು ನಿಮಿಷದ ಒಂದು ಆಟ ತಾವೇ ನಡೆಸಬೇಕು. ಮುಗಿದ ಮೇಲೆ ಚಹಾ ಕುಡಿಯುತ್ತಾ ಯಾವ ಮಗುವಿಗೆ ಚೆಂಡು ಕಡಿಮೆ ಸಿಕ್ಕಿತು ಅಂತ ಕೇಳುತ್ತೇನೆ. ಅದಕ್ಕೆ ಸರಿಯಾಗಿ ಉತ್ತರ ಹೇಳಿದವನ ಕೈಯಲ್ಲಿ ಡಿ ಲೈಸೆನ್ಸ್ ಅರ್ಜಿ ತುಂಬಿಸುತ್ತೇನೆ.