ಹುಣ್ಣಿಮೆ ಚಂದ್ರನ ಫೋಟೊಗೆ ನಮ್ಮ ಕಾರವಾರದಲ್ಲಿ ಬೆಳಗೇ ಸರಿ

ಹುಣ್ಣಿಮೆ ಚಂದ್ರನ ಫೋಟೊ ಅಂದರೆ ಎಲ್ಲರೂ ಸಂಜೆ ಹೊರಡುತ್ತಾರೆ. ಬಯಲುಸೀಮೆಯಲ್ಲಿ ಅದು ಸರಿ. ಸೂರ್ಯ ಮುಳುಗುವ ಹೊತ್ತಿಗೇ ಅಲ್ಲಿ ಚಂದ್ರ ಮೇಲೇಳುತ್ತಾನೆ, ಇನ್ನೂ ಬೆಳಕಿರುತ್ತದೆ, ಮನೆ ಮರ ಎಲ್ಲ ಕಾಣುತ್ತವೆ. ಕಾರವಾರದಲ್ಲಿ ಹಾಗಲ್ಲ. ನಮಗೆ ಪೂರ್ವಕ್ಕೆ ಗುಡ್ಡ. ಚಂದ್ರ ಅದನ್ನು ದಾಟಿ ಬರುವಷ್ಟರಲ್ಲಿ ಕತ್ತಲು ಕವಿದಿರುತ್ತದೆ. ಆಗ ಚಂದ್ರನಿಗೆ ಬೆಳಕು ಹೊಂದಿಸಿದರೆ ಕೆಳಗಿನದೆಲ್ಲ ಕಪ್ಪು. ಕೆಳಗಿನದಕ್ಕೆ ಹೊಂದಿಸಿದರೆ ಚಂದ್ರ ಬರೀ ಬಿಳಿ ಬೊಟ್ಟು.

ಅದಕ್ಕೇ ನಾನು ಬೆಳಿಗ್ಗೆ ಹೋಗುತ್ತೇನೆ, ಚಂದ್ರ ಕಡಲಿಗೆ ಇಳಿಯುವ ಹೊತ್ತಿಗೆ. ಟಾಗೋರ್ ಬೀಚಿನಲ್ಲಿ ನಿಂತರೆ ಪಶ್ಚಿಮಕ್ಕೆ ಬಯಲು ಕಡಲು, ಬೆನ್ನ ಹಿಂದೆ ಬೆಳಕು ಹರಿಯುತ್ತಿರುತ್ತದೆ. ಸೂರ್ಯನೂ ಅದೇ ಗುಡ್ಡ ದಾಟಿ ಬರಬೇಕಲ್ವಾ, ಹಾಗಾಗಿ ದಂಡೆಗೆ ನೇರ ಬಿಸಿಲು ಬೀಳುವುದು ತಡ. ಇನ್ನೊಂದು ಅನುಕೂಲವೂ ಇದೆ. ಆ ಹೊತ್ತಿನಲ್ಲಿ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಲೆನ್ಸ್ ಮೇಲೆ ಉಪ್ಪುನೀರಿನ ಹನಿ ಕೂರುವುದು ಕಡಿಮೆ.

ದಿನ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಕ್ಯಾಲೆಂಡರಿನಲ್ಲಿ ಹುಣ್ಣಿಮೆ ಎಂದು ಇದ್ದ ಮಾತ್ರಕ್ಕೆ ನಾನು ಹೊರಡುವುದಿಲ್ಲ. ಸೂರ್ಯೋದಯ, ಚಂದ್ರಾಸ್ತ ಎರಡರ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಚಂದ್ರಾಸ್ತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಎರಡೂ ಹತ್ತಿರ ಬರುವ ಬೆಳಗು ತಿಂಗಳಿಗೆ ಒಂದೇ. ಸೂರ್ಯೋದಯವಾಗಿ 10-15 ನಿಮಿಷಕ್ಕೆ ಚಂದ್ರ ಮುಳುಗುವುದಾದರೆ ಇನ್ನೂ ಒಳ್ಳೆಯದು. ಯಾಕೆಂದರೆ ನೀರು ಮುಟ್ಟುವವರೆಗೂ ಚಂದ್ರ ಕಾಣುವ ದಿನ ಕಡಿಮೆ. ಕಡಲ ಮೇಲಿನ ಮಬ್ಬು ಅವನನ್ನು ಮೊದಲೇ ನುಂಗಿಬಿಡುತ್ತದೆ. ಒಂದು ಡಿಗ್ರಿ ಇಳಿಯಲು ಸುಮಾರು 4 ನಿಮಿಷ. ಮಬ್ಬು ಮೂರು ಡಿಗ್ರಿ ಎತ್ತರಕ್ಕಿದ್ದರೆ ಕೊನೆಯ 12 ನಿಮಿಷ ನಮ್ಮ ಕೈಗೆ ಸಿಗುವುದಿಲ್ಲ ಅಂತಲೇ ಲೆಕ್ಕ.

ಮಳೆಗಾಲ ಬಿಡಿ. ನವೆಂಬರ್‌ನಿಂದ ಮಾರ್ಚ್ ನನ್ನ ಕಾಲ. ಚಳಿಗಾಲದ ಹುಣ್ಣಿಮೆ ಚಂದ್ರ ಬೇಸಿಗೆಯ ಸೂರ್ಯನ ದಾರಿ ಹಿಡಿಯುತ್ತಾನೆ. ಡಿಸೆಂಬರ್‌ನಲ್ಲಿ ಅವನು ಮುಳುಗುವುದು ಬಲಗಡೆಗೆ, ಕಾಳಿ ನದಿಯ ಅಳಿವೆ ಕಡೆ ಸರಿದು. ಮಾರ್ಚ್ ಹೊತ್ತಿಗೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಬಂದಿರುತ್ತಾನೆ. ಇದು ಗೊತ್ತಿದ್ದರೆ ಎಲ್ಲಿ ನಿಲ್ಲಬೇಕು ಅಂತ ಹಿಂದಿನ ದಿನವೇ ನೋಡಿಕೊಂಡು ಬರಬಹುದು. ದಕ್ಷಿಣಕ್ಕೆ ಅರ್ಗಾ ಕಡೆ ಮಾತ್ರ ಹೋಗಬೇಡಿ. ಅಲ್ಲಿ ನೌಕಾನೆಲೆ ಇದೆ, ಕ್ಯಾಮೆರಾ ಹೊರತೆಗೆಯುವ ಜಾಗವಲ್ಲ.

ನನ್ನದು 18 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾನನ್, ಜೊತೆಗೆ 55-250 ಮಿಲಿಮೀಟರ್ ಜೂಮ್ ಲೆನ್ಸ್. ಇಷ್ಟು ಸಾಕು. ಫೋಕಲ್ ಲೆಂತ್ ಅನ್ನು, ಅಂದರೆ ಲೆನ್ಸ್‌ನ ಆ ಮಿಲಿಮೀಟರ್ ಸಂಖ್ಯೆಯನ್ನು, 110ರಿಂದ ಭಾಗಿಸಿದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಚಂದ್ರ ಎಷ್ಟು ಮಿಲಿಮೀಟರ್ ಬೀಳುತ್ತಾನೆ ಅಂತ ಗೊತ್ತಾಗುತ್ತದೆ. 250ಕ್ಕೆ ಸುಮಾರು 2.3 ಮಿಲಿಮೀಟರ್, ಅಂದರೆ ಚಿತ್ರದಲ್ಲಿ 500 ಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ. ಕಡಲ ಅಂಚಿನಲ್ಲಿ ಚಂದ್ರ ದೊಡ್ಡದಾಗಿ ಕಂಡರೂ ಕ್ಯಾಮೆರಾಕ್ಕೆ ಅವನು ನಡುನೆತ್ತಿಯಲ್ಲಿದ್ದಷ್ಟೇ. ಫೋಟೊದಲ್ಲಿ ದೊಡ್ಡದಾಗಿ ಕಾಣಿಸಬೇಕಾದರೆ ಎದುರಿನ ವಸ್ತುವಿನಿಂದ ನಾವು ದೂರ ಹೋಗಬೇಕು. ದೋಣಿ 200 ಮೀಟರ್ ಆಚೆ ಇದ್ದರೆ ಚಂದ್ರನ ಅಗಲ ಅದರಲ್ಲಿ ನಿಂತ ಮನುಷ್ಯನ ಎತ್ತರದಷ್ಟಾಗುತ್ತದೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ ಹಿಡಿದರೆ 250ರಲ್ಲೂ ಐದು ಡಿಗ್ರಿ ಎತ್ತರ ಒಳಗೆ ಸೇರುತ್ತದೆ. ಮೇಲೆ ಚಂದ್ರ, ಕೆಳಗೆ ದೋಣಿ, ಎರಡಕ್ಕೂ ಜಾಗ ಸಿಗುತ್ತದೆ.

ಇದು ನನಗೆ ಸ್ಪಷ್ಟವಾದದ್ದು ಒಬ್ಬ ಮೀನುಗಾರರಿಂದ. ಬಲೆ ಒಟ್ಟುಮಾಡುತ್ತಿದ್ದವರು ನಾನು ಟ್ರೈಪಾಡ್ ಇಟ್ಟ ಜಾಗ ನೋಡಿ, "ಅಲ್ಲಿ ಬ್ಯಾಡ ಮಾಸ್ತರ್ರೆ, ಸ್ವಲ್ಪ ಎಡಕ್ಕೆ ಹಿಂದೆ ನಿಂತ್ಕೊಳ್ಳಿ. ನಮ್ಮ ದೋಣಿ ಈಗ ಹೊರಡ್ತದೆ, ಚಂದ್ರನ ಕೆಳಗೇ ಹಾದು ಹೋಗ್ತದೆ" ಅಂದರು. ಹಾಗೇ ಆಯಿತು. ಹುಟ್ಟು ಹಾಕುವವರ ಬಾಗಿದ ಬೆನ್ನು, ಹುಟ್ಟಿನಿಂದ ಜಾರುವ ನೀರು, ಮೇಲೆ ಹಳದಿ ಚಂದ್ರ. ನನ್ನ ಹತ್ತಿರ ಇರುವ ಅತಿ ಒಳ್ಳೆಯ ಚಿತ್ರ ಅದೇ.

ಇನ್ನು ಸೆಟ್ಟಿಂಗ್. ಚಂದ್ರ ಬಿಸಿಲಲ್ಲಿರುವ ಕಲ್ಲುಮಣ್ಣಿನ ನೆಲ ಅನ್ನುವುದು ತಲೆಯಲ್ಲಿರಲಿ, ಸುತ್ತ ರಾತ್ರಿ ಇದ್ದರೇನಂತೆ. ಮೇಲಿದ್ದಾಗ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸ್ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು), ಶಟರ್ 1/200 ಸೆಕೆಂಡ್ ಸಾಕು. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ಕಪ್ಪು ಆಕಾಶ ನೋಡಿ ಬೆಳಕು ಜಾಸ್ತಿ ತೆಗೆದುಕೊಳ್ಳುತ್ತದೆ. ಆದ್ದರಿಂದ ಮ್ಯಾನುಯಲ್ ಮೋಡ್. ಕೆಳಗೆ ಇಳಿದಂತೆ ದಟ್ಟ ಗಾಳಿಯ ಪದರ ಅಡ್ಡ ಬಂದು ಚಂದ್ರ ಮಂಕಾಗುತ್ತಾನೆ, ಆಚೆ ಆಕಾಶ ಬೆಳಗಾಗುತ್ತದೆ. ಎರಡೂ ಒಂದು ಮಟ್ಟಕ್ಕೆ ಬರುವ ಗಳಿಗೆ ಸೂರ್ಯೋದಯಕ್ಕೆ ಹತ್ತು-ಹದಿನೈದು ನಿಮಿಷ ಮುಂಚೆ. ಆಗ ಐಎಸ್ಒ 200, ಎಫ್/5.6, 1/60ರಿಂದ ಶುರು ಮಾಡಿ, ಪ್ರತಿ ಫೋಟೊ ಆದಮೇಲೆ ಸ್ಕ್ರೀನ್ ಹಿಗ್ಗಿಸಿ ಚಂದ್ರನ ಕಲೆಗಳು ಉಳಿದಿವೆಯಾ ಅಂತ ನೋಡುತ್ತೇನೆ. ಕಲೆ ಅಳಿಸಿಹೋಗಿದ್ದರೆ ಶಟರ್ ವೇಗ ಹೆಚ್ಚಿಸುತ್ತೇನೆ. ಕೆಳಭಾಗ ಸ್ವಲ್ಪ ಕಪ್ಪಾದರೂ ಪರವಾಗಿಲ್ಲ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಚಿತ್ರ) ಇದ್ದರೆ ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಎತ್ತಿಕೊಳ್ಳಬಹುದು. ಬಿಳುಪಾದ ಚಂದ್ರನನ್ನು ಮಾತ್ರ ಮತ್ತೆ ತರಲಾಗುವುದಿಲ್ಲ.

ಫೋಕಸ್ ಅನ್ನು ಚಂದ್ರ ಇನ್ನೂ ಮೇಲೆ, ಚೊಕ್ಕವಾಗಿ ಕಾಣುವಾಗಲೇ ಮುಗಿಸುತ್ತೇನೆ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಸ್ಕ್ರೀನಿನಲ್ಲೇ ನೋಡುತ್ತಾ, ಹತ್ತು ಪಟ್ಟು ಹಿಗ್ಗಿಸಿ, ಚಂದ್ರನ ಮೇಲಿನ ಟೈಕೊ ಕುಳಿಯಿಂದ ಹೊರಟ ಬಿಳಿ ಗೆರೆಗಳನ್ನು ಗುರಿಯಾಗಿಟ್ಟುಕೊಳ್ಳುತ್ತೇನೆ. ಕಲ್ಲಂಗಡಿಯ ತೊಟ್ಟಿನಿಂದ ಹರಡಿದ ಪಟ್ಟೆಗಳ ಹಾಗೆ ಅವು ಹುಣ್ಣಿಮೆಯಲ್ಲೇ ಚೆನ್ನಾಗಿ ಕಾಣುತ್ತವೆ. ಅವು ಚೂಪಾದ ಕೂಡಲೆ ಲೆನ್ಸ್‌ನ ಗುಂಡಿಯನ್ನು ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ಸರಿಸಿ ಮತ್ತೆ ಮುಟ್ಟುವುದಿಲ್ಲ. ಟ್ರೈಪಾಡ್ ಮೇಲಿದ್ದಾಗ ಕೈ ಅಲುಗಾಟ ಸರಿದೂಗಿಸುವ ಸ್ಟೆಬಿಲೈಸರ್ ಆಫ್, ಎರಡು ಸೆಕೆಂಡಿನ ಟೈಮರ್ ಆನ್. ಒದ್ದೆ ಮರಳಿನಲ್ಲಿ ಅಲೆ ಬಂದು ಹೋದಾಗಲೆಲ್ಲ ಟ್ರೈಪಾಡ್ ಕಾಲು ಕುಸಿಯುತ್ತದೆ. ಮೊದಲೇ ಒತ್ತಿ ಊರಿಸಿ, ಅಥವಾ ಒಣ ಮರಳಿಗೆ ಬನ್ನಿ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನಾನು ಜಾಸ್ತಿ ಏನೂ ಮಾಡುವುದಿಲ್ಲ. ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಹೊಂದಿಸುವ ಸೆಟ್ಟಿಂಗ್) ಡೇಲೈಟ್‌ನಲ್ಲೇ ಇರಲಿ, ಇಲ್ಲದಿದ್ದರೆ ಆ ಹಳದಿ ಹೋಗಿ ಚಂದ್ರ ಬೂದಿಯಾಗುತ್ತಾನೆ. ನೀರಿಗೆ ತೀರ ಹತ್ತಿರ ಬಂದಾಗ ಚಂದ್ರ ಸ್ವಲ್ಪ ಚಪ್ಪಟೆಯಾಗಿ ಕಾಣುತ್ತಾನೆ. ಗಾಳಿಯಲ್ಲಿ ಬೆಳಕು ಬಾಗಿ, ಕೆಳ ಅಂಚು ಮೇಲಿನದಕ್ಕಿಂತ ಜಾಸ್ತಿ ಎತ್ತಿದಂತಾಗುವುದರಿಂದ ಹೀಗೆ. ಅದು ಲೆನ್ಸ್ ದೋಷವಲ್ಲ, ದಯವಿಟ್ಟು ಎಳೆದು ದುಂಡಗೆ ಮಾಡಬೇಡಿ.