ಕರೆಂಟ್ ಗಾಡಿ ಕೊಳ್ಳುವ ಮುಂಚೆ ಮನೆಯ ಪ್ಲಗ್ ನೋಡಿ

ತಿಪಟೂರಿನಲ್ಲಿ ನಾನು ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಈಚೆಗೆ ಫೋನಿನಲ್ಲಿ ಒಂದು ಮಾತು ಜಾಸ್ತಿ ಕೇಳಿಸುತ್ತಿದೆ: "ಅಣ್ಣಾ, ಕರೆಂಟ್ ಗಾಡಿ ತಗೊಂಡ್ವಿ, ಒಂದು ಪಾಯಿಂಟ್ ಹಾಕ್ಕೊಡಿ." ಹೋಗಿ ನೋಡಿದರೆ ಎಲೆಕ್ಟ್ರಿಕ್ ಸ್ಕೂಟರ್ ರಸ್ತೆ ಬದಿಯಲ್ಲಿ ನಿಂತಿರುತ್ತದೆ, ಇವರ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿ ಇರುತ್ತದೆ. ಕೆಳಗಡೆ ವೈರ್ ಎಳೆಯಲು ಓನರ್ ಒಪ್ಪುವುದಿಲ್ಲ. ಶೋರೂಮಿಗೆ ಹೋಗುವ ಮುಂಚೆಯೇ ಇವರು ನನ್ನನ್ನು ಕರೆಯಬೇಕಿತ್ತು.

ಒಂದು ಲಕ್ಷದ ಆಸುಪಾಸಿನಲ್ಲಿ ಮೊದಲ ಗಾಡಿ ಹುಡುಕುವವರಿಗೆ ನನ್ನ ಲೆಕ್ಕ ಇಷ್ಟು. ಮೊದಲು ಪ್ಲಗ್, ಆಮೇಲೆ ಬ್ಯಾಟರಿ, ಅದಾದ ಮೇಲೆ ಸರ್ವಿಸ್. ಬಣ್ಣ, ಸ್ಕ್ರೀನು, ಸ್ಪೀಡು ಎಲ್ಲಾ ಕೊನೆಗೆ.

ಸಣ್ಣ ಗಾಡಿಗಳ ಚಾರ್ಜರ್ ಸಾಮಾನ್ಯವಾಗಿ ಒಂದು ಕಿಲೋವ್ಯಾಟ್ ಒಳಗೇ ಎಳೆಯುತ್ತದೆ. ಗೀಸರ್ ಇದರ ಎರಡರಷ್ಟು ಎಳೆಯುತ್ತದೆ. ಹಾಗಾಗಿ ಲೋಡ್ ಬಗ್ಗೆ ಹೆದರಬೇಡಿ. ಆದರೆ ಗೀಸರ್ ಹಾಕುವುದು ಕಾಲು ಗಂಟೆ, ಚಾರ್ಜರ್ ಓಡುವುದು ಗಂಟೆಗಟ್ಟಲೆ. ಸಾಕೆಟ್ ಸಡಿಲವಾಗಿದ್ದರೆ, ವೈರ್ ತೆಳುವಾಗಿದ್ದರೆ ಅಷ್ಟು ಹೊತ್ತಿಗೆ ಬಿಸಿಯಾಗಿ ಕರಗತೊಡಗುತ್ತದೆ. ನಾನಾದರೆ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆದು, 15 ಆಂಪ್ಸ್ ಸಾಕೆಟ್ ಕೂರಿಸಿ, ಅದಕ್ಕೇ ಅಂತ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಹಾಕುತ್ತೇನೆ. ಮಳೆ ನೀರು ಬಡಿಯದ ಕಡೆ ಇರಬೇಕು. ಇನ್ನು ಅರ್ತಿಂಗ್. ನಮ್ಮ ಕಡೆ ಹಳೇ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಮೂರನೆಯದರ ಹಿಂದೆ ವೈರೇ ಇರುವುದಿಲ್ಲ. ಮಿಕ್ಸಿ ಓಡುತ್ತೆ, ಟಿವಿ ಓಡುತ್ತೆ, ಯಾರಿಗೂ ಗೊತ್ತಾಗಲ್ಲ. ಕೆಲವು ಚಾರ್ಜರ್‌ಗಳು ಮಾತ್ರ ಅರ್ತಿಂಗ್ ಇಲ್ಲದಿದ್ದರೆ ಚಾರ್ಜೇ ಮಾಡುವುದಿಲ್ಲ. ಚಾರ್ಜ್ ಆದರೂ ಅದು ನಂಬುವ ಸ್ಥಿತಿಯಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಯುಪಿಎಸ್ ಲೈನಿಗೂ ಸಿಕ್ಕಿಸಬೇಡಿ, ಮನೆ ಯುಪಿಎಸ್ ಇಂಥ ಲೋಡಿಗೆ ಮಾಡಿದ್ದಲ್ಲ.

ಮಹಡಿ ಮನೆಯವರು ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವಂಥ ಗಾಡಿ ನೋಡಬಹುದು. ಹೀರೋ ವಿಡಾದ ವಿಎಕ್ಸ್2 ಗೋ ಅಂಥದ್ದು. ಆದರೆ ಇಂಥ ಬ್ಯಾಟರಿ 10 ಕೆ.ಜಿ. ಆಚೀಚೆ ತೂಗುತ್ತದೆ. ಮೆಟ್ಟಿಲು ಹತ್ತಿಸುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಬಿಚ್ಚುವ ಬ್ಯಾಟರಿ ಅಂದಮಾತ್ರಕ್ಕೆ ಮನೆಯಲ್ಲಿ ಚಾರ್ಜ್ ಮಾಡಬಹುದು ಅಂತಲೂ ಅಲ್ಲ. ಹೋಂಡಾ ಆ್ಯಕ್ಟಿವಾ ಇ ಬೆಂಗಳೂರಿಗೆ ಬಂದದ್ದು ಖಾಲಿ ಬ್ಯಾಟರಿ ಕೊಟ್ಟು ಚಾರ್ಜ್ ಆದದ್ದನ್ನು ಪಡೆಯುವ ಕೇಂದ್ರಗಳನ್ನು ನಂಬಿಕೊಂಡು. ನಮ್ಮಂಥ ಊರಿನವರು ಅದಕ್ಕೆ ಆಸೆಪಟ್ಟು ಪ್ರಯೋಜನ ಇಲ್ಲ.

ಈಗ ಬ್ಯಾಟರಿ. ಶೋರೂಮಿನಲ್ಲಿ "ಎಷ್ಟು ಕಿಲೋಮೀಟರ್ ಕೊಡುತ್ತೆ?" ಅಂತ ಕೇಳಬೇಡಿ. "ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್?" ಅಂತ ಕೇಳಿ. ಒಂದು ಕಿಲೋವ್ಯಾಟ್ ಅವರ್ ಅಂದರೆ ನಿಮ್ಮ ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್. ಒಂದು ಯೂನಿಟ್ಟಿಗೆ 30 ಕಿಲೋಮೀಟರ್ ಅಂತ ಲೆಕ್ಕ ಹಾಕಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೈವೇಯಲ್ಲಿ ಹೋಗುವುದೇ ಜಾಸ್ತಿಯಾದರೆ 25 ಅಂದುಕೊಳ್ಳಿ. ಜಾಹೀರಾತಿನ ಅಂಕಿ ಐಡಿಸಿ ಅನ್ನುವ ಪರೀಕ್ಷೆಯದ್ದು, ಅದನ್ನು ಮಾಡುವುದು ಲ್ಯಾಬಿನಲ್ಲಿ. 2.2 ಯೂನಿಟ್ ಬ್ಯಾಟರಿಯ ವಿಎಕ್ಸ್2 ಗೋಗೆ ಕಂಪನಿ ಹೇಳುವುದು 92 ಕಿಲೋಮೀಟರ್. ನನ್ನ ಲೆಕ್ಕದಲ್ಲಿ ಅದು 65. ಟಿವಿಎಸ್ ಐಕ್ಯೂಬ್‌ನ 2.2 ಯೂನಿಟ್ ಗಾಡಿಗೂ ಇದೇ ಲೆಕ್ಕ.

ದಿನಕ್ಕೆ 25 ಕಿಲೋಮೀಟರ್ ಓಡಾಡುವವರಿಗೆ ಎರಡು, ಎರಡೂವರೆ ಯೂನಿಟ್ ಬ್ಯಾಟರಿ ಧಾರಾಳ ಸಾಕು. ಮೂರೂವರೆಯದಕ್ಕೆ ಸುಮ್ನೆ ಸಾಲ ಜಾಸ್ತಿ ಮಾಡಿಕೊಳ್ಳಬೇಡಿ. ತಿಂಗಳಿಗೊಮ್ಮೆ ತುಮಕೂರಿಗೆ ಹೋಗುವವರು ಬಸ್ಸಿಗೋ ರೈಲಿಗೋ ಹೋಗಿ. ಒಂದು ಕಡೆಗೇ 70 ಕಿಲೋಮೀಟರ್ ದಾಟುತ್ತದೆ, ಆ ಒಂದು ದಿನಕ್ಕೋಸ್ಕರ ದೊಡ್ಡ ಬ್ಯಾಟರಿ ಯಾಕೆ? ಮನೆಯಿಂದ ಸಂತೆಗೆ ದಿನಕ್ಕೆ ನಾಲ್ಕೈದು ಕಿಲೋಮೀಟರ್ ಅಷ್ಟೇ ಓಡಿಸುವವರಿಗೆ ನನ್ನ ಮಾತು ಬೇರೆ: ಇರುವ ಹಳೇ ಸ್ಕೂಟರನ್ನೇ ಇಟ್ಟುಕೊಳ್ಳಿ. ನೀವು ಉಳಿಸುವ ಪೆಟ್ರೋಲಿನಿಂದ ಗಾಡಿಯ ದುಡ್ಡು ಹುಟ್ಟುವುದಿಲ್ಲ.

ದಿನಕ್ಕೆ 25 ಓಡಿಸಿದರೆ ತಿಂಗಳಿಗೆ 650 ಕಿಲೋಮೀಟರ್. ಚಾರ್ಜರಿನಲ್ಲಿ ಸೋರುವುದೂ ಸೇರಿ ಗೋಡೆಯಿಂದ 25 ಯೂನಿಟ್ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಮನೆ ಕರೆಂಟು ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಆಗಿತ್ತು. ಆ ದರದಲ್ಲಿ ತೆರಿಗೆ, ಸರ್‌ಚಾರ್ಜು ಸೇರಿದರೂ 170-180 ರೂಪಾಯಿ ಆದೀತು. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರಿಗೆ ಅದೇ ದೂರಕ್ಕೆ 1,400 ರೂಪಾಯಿ ದಾಟುತ್ತದೆ. ಗೃಹಜ್ಯೋತಿ ಇರುವವರು ಮಾತ್ರ ಸ್ವಲ್ಪ ಹುಷಾರು. ನಿಮಗೆ ನಿಗದಿ ಮಾಡಿದ ಯೂನಿಟ್ ಮೀರಿದರೆ ಮೀರಿದ್ದಕ್ಕೆ ಬಿಲ್ ಬರುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಈಗಲೇ 180ರ ಹತ್ತಿರ ಇರುವ ಮನೆಗೆ ಈ 25 ಯೂನಿಟ್ ದುಬಾರಿಯಾಗುತ್ತದೆ. ಹಳೇ ಬಿಲ್ಲುಗಳನ್ನು ತೆಗೆದು ನೋಡಿ.

ಅಗ್ಗದ ಗಾಡಿಗಳ ಬಗ್ಗೆ ಒಂದು ಮಾತು. ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ ಅಂತ ಮಾರುತ್ತಾರಲ್ಲ, ಅದು ಸುಳ್ಳಲ್ಲ. ಮೋಟಾರು 250 ವ್ಯಾಟ್ ಒಳಗಿದ್ದು, ಸ್ಪೀಡು 25 ದಾಟದೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಿದ್ದರೆ ಕಾನೂನು ಅದನ್ನು ಮೋಟಾರು ವಾಹನ ಅನ್ನುವುದಿಲ್ಲ. ತೋಟಕ್ಕೆ ಹೋಗಿ ಬರುವ ಅಜ್ಜನಿಗೆ ಅದು ಸರಿ. ಆದರೆ "ಒಂದು ವೈರ್ ಕಿತ್ತರೆ 45 ಓಡುತ್ತೆ ಸಾರ್" ಅನ್ನುವವನ ಮಾತು ಕೇಳಬೇಡಿ. ಆಮೇಲೆ ಅದು ನಂಬರ್ ಪ್ಲೇಟ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಇಂಥವುಗಳಲ್ಲಿ ಕೆಲವಕ್ಕೆ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ನಿಮ್ಮ ಯುಪಿಎಸ್‌ದು ಅದೇ ಜಾತಿ. ದಿನಾ ಖಾಲಿ ಮಾಡಿ ತುಂಬಿಸಿದರೆ ಅದು ಜಾಸ್ತಿ ದಿನ ಬಾಳುವುದಿಲ್ಲ. ಲಿಥಿಯಂ ಇಲ್ಲದ ಗಾಡಿ ಬೇಡ, ಎಷ್ಟೇ ಅಗ್ಗವಾದರೂ.

ಸರ್ವಿಸ್ ವಿಷಯಕ್ಕೆ ನಾನು ಬಹಳ ಗಟ್ಟಿ. ನನ್ನ ಗಿರಾಕಿಯೊಬ್ಬರ ಗಾಡಿಯಲ್ಲಿ ಮೋಟಾರಿಗೆ ಕರೆಂಟ್ ಹದ ಮಾಡಿ ಕೊಡುವ ಕಂಟ್ರೋಲರ್ ಸುಟ್ಟು, ಬೇರೆಯದು ಬರುವ ತನಕ ಮನೆ ಮುಂದೆ ಧೂಳು ತಿನ್ನುತ್ತಾ ನಿಂತಿತ್ತು. ಊರಲ್ಲಿದ್ದ ಅಂಗಡಿ ಅಷ್ಟರಲ್ಲಿ ಮೊಬೈಲ್ ಅಂಗಡಿ ಆಗಿತ್ತು. ಪಂಕ್ಚರ್, ಬ್ರೇಕ್ ಯಾರಾದರೂ ನೋಡುತ್ತಾರೆ. ಮೋಟಾರು, ಕಂಟ್ರೋಲರ್, ಬ್ಯಾಟರಿಯನ್ನು ಕಂಪನಿಯವರೇ ನೋಡಬೇಕು. ಹಾಗಾಗಿ ಶೋರೂಮಿನವರನ್ನು ಬಿಟ್ಟು, ಸರ್ವಿಸ್ ಸೆಂಟರಿನ ಬಾಗಿಲಲ್ಲಿ ನಿಂತಿರುವ ಜನರನ್ನು ಮಾತಾಡಿಸಿ. ಅರ್ಧ ಗಂಟೆಯಲ್ಲಿ ಎಲ್ಲಾ ಗೊತ್ತಾಗುತ್ತದೆ. ನಿಮ್ಮ ಊರಲ್ಲಿ ಸರ್ವಿಸ್ ಇಲ್ಲದ ಗಾಡಿ ಎಷ್ಟು ಚೆಂದ ಇದ್ದರೂ ಬಿಡಿ.

ಬೆಲೆ ಕೇಳುವಾಗ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ. ಚಾರ್ಜರ್ ಅದರಲ್ಲೇ ಸೇರಿದೆಯಾ? ಆ್ಯಪ್, ಮ್ಯಾಪ್ ಥರದವಕ್ಕೆ ಬೇರೆ ಪ್ಯಾಕ್ ದುಡ್ಡಾ? ಬ್ಯಾಟರಿ ವಾರಂಟಿ ಎಷ್ಟು ವರ್ಷ? 3 ವರ್ಷ ಸಾಮಾನ್ಯ, ಕೆಲವು ಕಂಪನಿಗಳಲ್ಲಿ 8 ವರ್ಷ, 80,000 ಕಿಲೋಮೀಟರ್ ತನಕವೂ ಉಂಟು. ಆ್ಯಪ್ ಪ್ಯಾಕ್ ಬೇಡ ಅನ್ನಿ, ಉಳಿದ ಆ ದುಡ್ಡನ್ನು ವಾರಂಟಿಗೆ ಹಾಕಿ. "ಸಬ್ಸಿಡಿ ಮುಗಿಯುತ್ತೆ, ಇವತ್ತೇ ಬುಕ್ ಮಾಡಿ" ಅಂದರೆ ಅವಸರ ಬೀಳಬೇಡಿ. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಬ್ಸಿಡಿ 2025ರ ಏಪ್ರಿಲ್‌ನಿಂದಲೇ ಒಂದು ಗಾಡಿಗೆ ಹೆಚ್ಚೆಂದರೆ 5,000 ರೂಪಾಯಿಗೆ ಇಳಿದಿತ್ತು. ಅಷ್ಟಕ್ಕೋಸ್ಕರ ತಪ್ಪು ಗಾಡಿ ಮನೆಗೆ ತರುವುದು ಲಾಭವಲ್ಲ, ಅಲ್ವಾ?

ಟೆಸ್ಟ್ ರೈಡಿಗೆ ಮನೆಯವರನ್ನೂ ಕರೆದುಕೊಂಡು ಹೋಗಿ, ಹಿಂದೆ ಕೂರಿಸಿ, ಏರು ಹತ್ತಿಸಿ ನೋಡಿ. ಕಾಲಿಡುವ ಜಾಗ ಮಟ್ಟಸವಾಗಿದೆಯಾ ನೋಡಿ, ಗ್ಯಾಸ್ ಸಿಲಿಂಡರು, ಕಾಯಿ ಚೀಲ ಎಲ್ಲಾ ಅಲ್ಲೇ ತಾನೇ ಇಡುವುದು. ಗಾಡಿ ಮನೆಗೆ ಬಂದ ಮೇಲೆ ಮೊದಲ ಚಾರ್ಜನ್ನು ಹಗಲಲ್ಲೇ, ನೀವು ಎದ್ದಿರುವಾಗ ಹಾಕಿ. ಅರ್ಧ ಗಂಟೆ ಬಿಟ್ಟು ಸಾಕೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಎಂಸಿಬಿ ಇಳಿಸಿ, ಆಮೇಲೆ ಪ್ಲಗ್ ಕೀಳಿ, ವೈರಿಂಗ್‌ನವರನ್ನು ಕರೆಯಿರಿ.