ನಿಮ್ಮದಲ್ಲದ ಕೆಲಸ ನಿಮ್ಮ ಮೇಜಿಗೆ ಬಂದಾಗ

"ಇದೊಂದು ಸ್ವಲ್ಪ ನೋಡ್ಕೊಳ್ಳಿ" ಅಂತ ಬೇರೆಯವರ ಕೆಲಸ ಬಂದರೆ ತಕ್ಷಣ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. ಎಷ್ಟು ದಿನ, ಅಷ್ಟರವರೆಗೆ ನನ್ನ ಯಾವ ಕೆಲಸ ಪಕ್ಕಕ್ಕಿಡಲಿ ಅಂತ ಕೇಳಿ. ಎರಡನೇ ಪ್ರಶ್ನೆಯೇ ಮುಖ್ಯ.

ಒಮ್ಮೆ ಸಹೋದ್ಯೋಗಿ ರಜೆಯಲ್ಲಿದ್ದಾಗ ತಿಂಗಳ ವರದಿ ನಾನೇ ಮಾಡಿಕೊಟ್ಟೆ. ಅವರು ವಾಪಸ್ ಬಂದರು, ವರದಿ ಮಾತ್ರ ನನ್ನ ಹತ್ತಿರವೇ ಉಳಿಯಿತು! ಸುಮ್ನೆ ಬಾಯಿಮಾತಲ್ಲಿ ಒಪ್ಪಿದ್ದೆ, ಅಲ್ವಾ. ಈಗ ಮಾತು ಮುಗಿದ ಕೂಡಲೇ ಒಂದು ಸಾಲಿನ ಮೇಲ್ ಹಾಕುತ್ತೇನೆ: "ನೀವು ಹೇಳಿದಂತೆ 15ನೇ ತಾರೀಖಿನವರೆಗೆ ವರದಿ ನೋಡಿಕೊಳ್ಳುತ್ತೇನೆ, ಸ್ಟಾಕ್ ಪಟ್ಟಿ ಆಮೇಲೆ ಮಾಡುತ್ತೇನೆ."

ಹೊಸದೇನಾದರೂ ಕಲಿಯಲು ಸಿಕ್ಕರೆ ಖುಷಿಯಿಂದ ಮಾಡಿ, ಅಪ್ರೈಸಲ್‌ಗೆ (ನಿಮ್ಮ ಕೆಲಸದ ಮೌಲ್ಯಮಾಪನಕ್ಕೆ) ಬರೆದಿಟ್ಟುಕೊಳ್ಳಿ. ತರಬೇತಿ ಇಲ್ಲದೆ ಯಂತ್ರ ಮುಟ್ಟುವುದು, ಹಣದ ಕಾಗದಕ್ಕೆ ಸಹಿ ಹಾಕುವುದು, ಇವಕ್ಕೆ ಮಾತ್ರ ಮುಲಾಜಿಲ್ಲದೆ ಬೇಡ ಅನ್ನಿ.